ಗೋಡೆಗೆ ಕಾಯಿಸಿದ ಗಂಜಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಎಲ್ಲಾದರೂ ಗೋಡೆಗೆ ಕಾಗದದ ಪೋಸ್ಟರ್ ಅಂಟಿಸಿದ್ದು ಕಂಡರೆ ಸಾಕು, ಅದರ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಹಿಂದಿರುವ ಗೋಂದನ್ನು ನೋಡುತ್ತೇನೆ. ಬೆಳ್ಳಗಿದ್ದರೆ ಸಮಾಧಾನ. ಕೊಂಚ ನೀಲಿ ಕಂಡಿತೋ, ಆ ಹೊತ್ತಿನ ಊಟ ನನಗೆ ಸೇರುವುದಿಲ್ಲ. ಮೊನ್ನೆ ಕಾಡುಗೋಡಿ ಬಸ್ ನಿಲ್ದಾಣದಲ್ಲಿ ಹೀಗೇ ಮೂಲವ್ಯಾಧಿ ಡಾಕ್ಟರೊಬ್ಬರ ಪೋಸ್ಟರಿನ ಮೂಲೆ ಎಬ್ಬಿಸುತ್ತಿದ್ದೆ. ಪಕ್ಕದಲ್ಲಿ ಕಂಪನಿ ಕಾರ್ಡು ನೇತುಹಾಕಿಕೊಂಡು ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದವಳು, ಮೆಲ್ಲಗೆ ಹತ್ತಿರ ಬಂದು, "ಆಂಟಿ, ನಂಬರ್ ಬೇಕಿದ್ರೆ ಮೊಬೈಲಲ್ಲಿ ಫೋಟೋ ತೆಗೆದ್ಕೊಡ್ಲಾ? ಕೀಳ್ಬೇಡಿ, ಬೇರೆಯವ್ರಿಗೂ ಬೇಕಾಗತ್ತೆ" ಅಂದಳು. ಎಷ್ಟು ಒಳ್ಳೆಯ ಹುಡುಗಿ ನೋಡಿ. ನನಗೆ ಮೂಲವ್ಯಾಧಿ ಇಲ್ಲಮ್ಮ, ನನಗಿರುವ ವ್ಯಾಧಿಯೇ ಬೇರೆ ಎಂದು ಬಸ್ ಬರುವುದರೊಳಗೆ ಹೇಳಿ ಮುಗಿಸುವುದು ಹೇಗೆ? "ಥ್ಯಾಂಕ್ಸ್ ಕಣಮ್ಮ, ಗೊತ್ತಾಯ್ತು" ಅಂದುಬಿಟ್ಟೆ. ಅವಳು ಮರುಕದಿಂದ ತಲೆಯಾಡಿಸಿದಳು.

ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಬಸ್ಸಿಗೆ ಅವಸರವಿಲ್ಲವಲ್ಲ.

ಗೋಂದಿನ ವಿಷಯದಲ್ಲಿ ನಾನು ಹುಟ್ಟಾ ಪಂಡಿತೆ. ನಮ್ಮಪ್ಪ ಚಿಂತಾಮಣಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಶಾಲೆಗಳ ಹಾಜರಿ ಪುಸ್ತಕ, ಬೆನ್ನು ಮುರಿದ ನಿಘಂಟು, ಹಾಳೆಹಾಳೆಯಾದ ಪುರಾಣ, ಎಲ್ಲವೂ ನಮ್ಮ ಜಗಲಿಗೆ ಚಿಕಿತ್ಸೆಗೆ ಬರುತ್ತಿದ್ದವು. ಬೇಸಿಗೆ ರಜದಲ್ಲಿ ಗೋಂದು ಕಾಯಿಸುವ ಕೆಲಸ ನನ್ನದು. ನೀರು ಮರಳುವಾಗ ಮೈದಾ ಕದಡಿ ಹೊಯ್ದು, ಕೈ ಬಿಡದೆ ತಿರುವಬೇಕು. ಒಂದು ಗಳಿಗೆ ಆಚೀಚೆ ನೋಡಿದರೂ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಗೋಂದು ಪುಸ್ತಕದ ಬೆನ್ನಿನ ಮೇಲೆ ಗುಳ್ಳೆ ಎದ್ದು ಕೂರುತ್ತದೆ, ಆಮೇಲೆ ಅಪ್ಪನ ಬಾಯಿಂದ ನಮ್ಮ ವಂಶದ ಹೆಣ್ಣುಮಕ್ಕಳ ಗಮನದ ಕುರಿತು ಭಾಷಣ. ಕುದಿಯುವಾಗ ಅದರ ವಾಸನೆ ಎಷ್ಟು ಹಿತವಾಗಿತ್ತೆಂದರೆ, ಒಂದು ದಿನ ತಡೆಯಲಾರದೆ ನಾನೂ ನನ್ನ ತಂಗಿಯೂ ಒಂದು ಬಟ್ಟಲು ಬೇರೆ ತೆಗೆದು, ಬೆಲ್ಲ ಹಾಕಿಕೊಂಡು ತಿಂದೇಬಿಟ್ಟೆವು. ರುಚಿಯಾಗಿಯೇ ಇತ್ತು. ಅಪ್ಪ ನೋಡಿದರೂ ಬೈಯಲಿಲ್ಲ. ಎತ್ತರದ ಹಲಗೆಯಿಂದ ಒಂದು ಗಾಜಿನ ಭರಣಿ ಇಳಿಸಿ, ಅದರಿಂದ ಮೈಲುತುತ್ತದ ಒಂದು ಹರಳು ತೆಗೆದು ತೋರಿಸಿದರು. ನವಿಲಿನ ಕತ್ತಿನ ನೀಲಿ ಅದು. ಬಾಯಿಗೆ ಹಾಕಿಕೊಳ್ಳೋಣ ಅನ್ನಿಸುವಷ್ಟು ಚೆಂದ.

"ಇದು ಬೀಳೋ ತನಕ ಗಂಜಿ. ಬಿದ್ದ ಮೇಲೆ ಗೋಂದು," ಅಂದರು ಅಪ್ಪ. "ಆಮೇಲೆ ನಾಲಿಗೆ ತಾಗಿಸಿದ್ರೆ ಹುಷಾರ್."

ಕಡಲೆಕಾಳಿನಷ್ಟು ಹರಳನ್ನು ಬಿಸಿನೀರಿನಲ್ಲಿ ಕರಗಿಸಿ ಪಾತ್ರೆಗೆ ಹೊಯ್ದರೆ ಹುಳ, ಇರುವೆ, ಜಿರಲೆ ಯಾವುದೂ ಪುಸ್ತಕದ ಹತ್ತಿರ ಸುಳಿಯುತ್ತಿರಲಿಲ್ಲ. ಭರಣಿ ಮತ್ತೆ ಎತ್ತರದ ಹಲಗೆ ಸೇರುತ್ತಿತ್ತು. ಗೋಂದಿನ ಪಾತ್ರೆ ಜಗಲಿ ದಾಟಿ ಅಡುಗೆಮನೆಗೆ ಬರುವಂತಿರಲಿಲ್ಲ. ಮುಂದೆ ನಾನು ಟಿ.ಸಿ.ಎಚ್. ಓದಿ, ಮದುವೆಯಾಗಿ, ಬೆಂಗಳೂರಿನ ಹೊರಗಿನ ದೊಡ್ಡನೆಕ್ಕುಂದಿಗೆ ಬಂದಾಗ ನನಗೆ ಹರಳು ನೆನಪಿತ್ತು. ಹಲಗೆ ಮರೆತುಹೋಗಿತ್ತು.

ದೊಡ್ಡನೆಕ್ಕುಂದಿ ಆಗ ಅತ್ತ ಊರೂ ಅಲ್ಲ, ಇತ್ತ ಪೇಟೆಯೂ ಅಲ್ಲ. ಈಚೆಗೆ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡುಗಳು, ಆಚೆಗೆ ಆಗಷ್ಟೇ ಎದ್ದಿದ್ದ ಗಾಜಿನ ಕಟ್ಟಡಗಳು, ನಡುವೆ ಸಿಕ್ಕಿಕೊಂಡ ಹಳೆಯ ಊರು. ನಮ್ಮನೆಯವರು ಅಲ್ಲೊಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲಿದ್ದರು. ಪುಟ್ಟ ಮಗಳೊಂದಿಗೆ ನಾವಿದ್ದದ್ದು ಮುನಿಯಮ್ಮನವರ ವಠಾರದ ಮುಂಭಾಗದ ಮನೆಯಲ್ಲಿ. ಮುನಿಯಮ್ಮನವರು ಊರಿನ ಹಳಬರು, ಗಂಡ ತೀರಿಕೊಂಡಿದ್ದರು. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋದಮೇಲೆ ಉಳಿದ ಹಿತ್ತಲಿನಲ್ಲಿ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಹಿತ್ತಲ ಮೂಲೆಯಲ್ಲಿ ಒಂದು ಕೊಟ್ಟಿಗೆ, ಅದರಲ್ಲಿ ಕೆಂಪಿ ಎಂಬ ಹಸು. ಹಸುವನ್ನು ಯಾಕೆ ಇಟ್ಟುಕೊಂಡಿದ್ದೀರಿ, ಮೇವೆಲ್ಲಿದೆ ಇಲ್ಲಿ ಎಂದು ಯಾರಾದರೂ ಕೇಳಿದರೆ ಮುನಿಯಮ್ಮನವರಿಗೆ ರೇಗುತ್ತಿತ್ತು. "ಬೆಳಿಗ್ಗೆ ಎದ್ದು ನಾನ್ಯಾರ ಮಕ ನೋಡ್ಲಿ ಮತ್ತೆ, ನಿಮ್ ಮಕಾನಾ?" ಅನ್ನುತ್ತಿದ್ದರು.

ಕೆಂಪಿಯ ಬಗ್ಗೆ ಮೊದಲ ವಾರವೇ ನನಗೆ ತಿಳಿದದ್ದು, ಅದು ಗೋಡೆ ಮೇಯುತ್ತದೆ ಎಂಬುದು. ಬೆಳಿಗ್ಗೆ ಬಿಟ್ಟರೆ ನೇರವಾಗಿ ಫ್ಯಾಕ್ಟರಿ ಕಾಂಪೌಂಡಿಗೆ ಹೋಗಿ, ಸಿನಿಮಾ ಪೋಸ್ಟರಿನ ಕೆಳಗಿನ ಅಂಚನ್ನು ನಾಲಿಗೆಯಿಂದ ಬಿಡಿಸಿ, ಎಳೆದು, ಕಣ್ಣು ಅರೆಮುಚ್ಚಿ ಅಗಿಯುತ್ತಿತ್ತು. ನಾಯಕನ ಕಾಲು ಮೊದಲು ಹೋಗುತ್ತಿತ್ತು, ಆಮೇಲೆ ಸೊಂಟ. ಮುಖ ಮಾತ್ರ ಎಟುಕದೆ ಉಳಿಯುತ್ತಿತ್ತು. ನಾನು ನಕ್ಕಾಗ ಮುನಿಯಮ್ಮನವರು ನಗಲಿಲ್ಲ.

"ಉಲ್ಲೆಲ್ಲೈತೆ ಟೀಚರಮ್ಮ? ಉಲ್ಲಿದ್ದ ಕಡೆ ಎಲ್ಲ ಕಾಂಪೌಂಡ್ ಎದ್ದೈತೆ. ಕಾಂಪೌಂಡ್ ಮ್ಯಾಲೆ ಪೇಪರ್ ಐತೆ. ಇವಕ್ಕೆ ಅದೇಯ ಉಲ್ಲು."

ನಾನು ಆಗ ಯಾವ ಶಾಲೆಯಲ್ಲೂ ಟೀಚರ್ ಆಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಅಷ್ಟಕ್ಕೇ ಅವರು ಕೊಟ್ಟ ಬಿರುದು ಅದು. ಬಿರುದು ಬಂದಮೇಲೆ ಸುಮ್ಮನಿರುವುದು ಕಷ್ಟ. ನಾಲ್ಕು ಮಕ್ಕಳು ಹದಿನಾಲ್ಕಾಗಬೇಕು ಅನ್ನಿಸಿತು. ಮೇನ್ ರೋಡಿನಲ್ಲಿ ಒಬ್ಬ ಮೇಷ್ಟರು ಟ್ಯೂಷನ್ ಶುರುಮಾಡಿ ಊರೆಲ್ಲ ಪೋಸ್ಟರ್ ಅಂಟಿಸಿದ್ದರು. ನಾನೂ ಅಂಟಿಸಬೇಕು ಅಂದೆ. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು.

ಹಳದಿ ಕಾಗದದ ಮೇಲೆ ಕಪ್ಪಕ್ಷರ. ಪ್ರೆಸ್ಸಿನಿಂದ ಕಟ್ಟು ಬಂದಾಗ ಬಿಚ್ಚಿ ನೋಡಿದರೆ, "ಕನಡ ಮತ್ತು ಗಣಿತ ಹೇಳಿಕೊಡಲಾಗುವುದು" ಎಂದಿತ್ತು. ಕನ್ನಡ ಹೇಳಿಕೊಡುವ ಟೀಚರಮ್ಮನ ಪೋಸ್ಟರಿನಲ್ಲಿ ಕನ್ನಡಕ್ಕೇ ಒತ್ತಿಲ್ಲ. ವಾಪಸ್ ಕೊಡೋಣ ಅಂದರೆ ನಮ್ಮನೆಯವರು, "ಯಾರ್ ಓದ್ತಾರೆ ಬಿಡೇ" ಅಂದರು. ಆ ಮಾತಿಗೇ ಸಿಟ್ಟು ಬಂದು, ಎರಡು ಮಧ್ಯಾಹ್ನ ಕೂತು ಕೆಂಪು ಪೆನ್ನಿನಿಂದ ಪ್ರತಿಯೊಂದಕ್ಕೂ ನ ಒತ್ತು ಬರೆದೆ. ಈ ಕೆಂಪು ಒತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಹಳೆಯ ಪಾತ್ರೆಯಿಟ್ಟು ಮೈದಾ ಕಾಯಿಸಲು ಕೂತೆ. ಎಷ್ಟೋ ವರ್ಷಗಳ ಮೇಲೆ ಆ ವಾಸನೆ ಮೂಗಿಗೆ ಬಡಿದು ಅಪ್ಪನೇ ಜಗಲಿಯಲ್ಲಿ ಕೂತ ಹಾಗಾಯಿತು. ಮುನಿಯಮ್ಮನವರು ಸಗಣಿ ಬುಟ್ಟಿ ಹೊತ್ತು ಬಂದವರು ನಿಂತರು.

"ಏನ್ ಟೀಚರಮ್ಮ, ಗಂಜೀನಾ?"

"ಹೂಂ ಮುನಿಯಮ್ಮ, ಗಂಜಿ. ಗೋಡೆಗೆ ಗಂಜಿ ಕಾಯಿಸ್ತಿದ್ದೀನಿ," ಅಂದೆ.

ಅವರು ಬಗ್ಗಿ ಮೂಸಿ, "ಗಮಗಮಾ ಅಂತೈತೆ, ಒಳ್ಳೆ ಮೈದಾ" ಎಂದು ಮೆಚ್ಚಿ ಹೋದರು. ಅವರು ಹೋದಮೇಲೆ ನಾನು ಮೈಲುತುತ್ತದ ಪೊಟ್ಟಣ ಬಿಚ್ಚಿದೆ. ಅಪ್ಪ ಹಾಕುತ್ತಿದ್ದದ್ದು ಕಡಲೆಕಾಳಿನಷ್ಟು. ಆದರೆ ಅದು ಮನೆಯೊಳಗಿನ ಪುಸ್ತಕಕ್ಕೆ, ಇದು ಬೀದಿ ಗೋಡೆಗೆ, ಇರುವೆ ಜಾಸ್ತಿ, ಇಲಿ ಜಾಸ್ತಿ ಎಂದು ಲೆಕ್ಕ ಹಾಕಿ ಒಂದು ಹಿಡಿ ಸುರಿದೆ. ನಮ್ಮನೆಯವರು ಬ್ರಷ್ ಹಿಡಿದು ನಿಂತಿದ್ದವರು, "ಇಷ್ಟೊಂದಾ?" ಅಂದರು. "ಗೋಂದಿನ ವಿಷಯ ನಮ್ಮಪ್ಪನ ಮಗಳಿಗೆ ಹೇಳ್ಕೊಡ್ಬೇಡಿ" ಅಂದೆ. ಪಾಪ, ಅವರು ಬ್ರಷ್ ತೊಳೆಯಲು ಹೋದರು.

ಕೆಂಪಿ ನನ್ನ ಪೋಸ್ಟರ್ ತಿಂದುಬಿಟ್ಟರೆ ಎಂಬ ಯೋಚನೆ ನನಗೆ ಬಂದಿತ್ತು, ನಿಜ ಹೇಳಬೇಕಲ್ಲ. ಆದರೆ ಬಂದದ್ದು ಪೋಸ್ಟರಿನ ಮೇಲಿನ ಕಾಳಜಿಯಿಂದ, ಹಸುವಿನ ಮೇಲಿನದ್ದಲ್ಲ. ಅದಕ್ಕೇ ನಮ್ಮನೆಯವರನ್ನು ಸ್ಟೂಲಿನ ಮೇಲೆ ಹತ್ತಿಸಿ, ಹಸುವಿಗೆ ಎಟುಕದಷ್ಟು ಎತ್ತರಕ್ಕೆ ಅಂಟಿಸಿದೆವು. ಕಾಂಪೌಂಡು, ಲೈಟು ಕಂಬ, ಬಸ್ ನಿಲ್ದಾಣದ ಹಿಂಬದಿ, ಒಂದು ಹೊಂಗೆ ಮರವನ್ನೂ ಬಿಡಲಿಲ್ಲ. ಬೇಕಾಗಿದ್ದಾರೆ ಟರ್ನರ್, ಬೇಕಾಗಿದ್ದಾರೆ ಫಿಟ್ಟರ್, ಮನೆಯಲ್ಲೇ ಕುಳಿತು ಸಂಪಾದಿಸಿ, ಇವೆಲ್ಲದರ ಮೇಲೆ ನನ್ನ ಹಳದಿ ಹಾಳೆ ಕೂತಿತು. ಮನೆಗೆ ಬಂದು ಕಾಫಿ ಕುಡಿಯುತ್ತ, ಊರಿಗೇ ಅರಿಸಿನ ಹಚ್ಚಿ ಬಂದವಳ ಹಾಗೆ ಬೀಗಿದೆ.

ನಾಲ್ಕೇ ದಿನಕ್ಕೆ ಪೋಸ್ಟರ್‌ಗಳು ಮಾಯವಾಗತೊಡಗಿದವು. ಹರಿದದ್ದಲ್ಲ, ಉದುರಿದ್ದಲ್ಲ. ನೀಟಾಗಿ ಬಿಡಿಸಿಕೊಂಡು ಹೋದ ಹಾಗೆ. ಪಕ್ಕದಲ್ಲಿದ್ದ ಮೇಷ್ಟರ ಪೋಸ್ಟರ್ ಮಾತ್ರ ಗಟ್ಟಿಯಾಗಿ ಕೂತಿತ್ತು. ಇನ್ನು ಅನುಮಾನ ಏನಿದೆ? ಮೇಷ್ಟರದೇ ಕೈವಾಡ. ಎಂಥ ನೀಚ ಮನುಷ್ಯ, ಮಕ್ಕಳಿಗೆ ಏನು ಕಲಿಸುತ್ತಾನೋ ಎಂದು ಎರಡು ದಿನ ಮನೆಯಲ್ಲಿ ಕುದಿದೆ. ಮುಂದಿನ ಭಾನುವಾರ ಉಳಿದ ಪೋಸ್ಟರ್‌ಗಳನ್ನೆಲ್ಲ ಹೊತ್ತು ಹೊರಟು ಅಂಟಿಸಿದೆವು. ಈ ಸಲ ಗೋಂದು ಇನ್ನೂ ಮಂದ, ಮೈಲುತುತ್ತ ಇನ್ನೊಂದು ಅರ್ಧ ಹಿಡಿ. ಕೀಳಲಿ ನೋಡೋಣ ಅಂದೆ.

ಬುಧವಾರ ಬೆಳಿಗ್ಗೆ ಹಾಲಿಗೆ ಹೋದರೆ ಮುನಿಯಮ್ಮನವರು ಕೊಟ್ಟಿಗೆಯ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು.

"ಯಾಕೋ ಕೆಂಪಿ ಮೆಲ್ಕಾಕ್ತಿಲ್ಲ ಟೀಚರಮ್ಮ. ನಿನ್ನೆ ಸಂಜೆಯಿಂದ ಬಾಯೇ ಆಡಿಸ್ತಿಲ್ಲ. ಬೇದಿ ಬೇರೆ. ಆಲೂ ಅರ್ಧಕ್ಕಿಳಿದೈತೆ."

ಹಸು ಕತ್ತು ಚಾಚಿ ನಿಂತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ಅಯ್ಯೋ ಪಾಪ ಅನ್ನುತ್ತ ಒಂದು ಹೆಜ್ಜೆ ಮುಂದೆ ಬಂದೆ. ಅದರ ಕಾಲ ಬುಡದಲ್ಲಿ, ಸಗಣಿಯ ಪಕ್ಕ, ಒಂದು ಹಳದಿ ಚೂರು ಬಿದ್ದಿತ್ತು. ಅದರ ಮೇಲೆ ಕೆಂಪು ಪೆನ್ನಿನ ಒಂದು ನ ಒತ್ತು.

ಕಾಲಿನಿಂದ ಆ ಚೂರನ್ನು ಗೋದಲಿಯ ಕೆಳಗೆ ತಳ್ಳಿದೆ. ಯಾಕೆ ತಳ್ಳಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಾಲು ತಾನಾಗಿಯೇ ಆ ಕೆಲಸ ಮಾಡಿತು, ಹೇಡಿತನಕ್ಕೆ ಬುದ್ಧಿಯ ಅಪ್ಪಣೆ ಬೇಕಿಲ್ಲ.

ಆ ದಿನ ಮಾಡಿದ ಇನ್ನೊಂದು ಕೆಲಸವನ್ನೂ ಹೇಳಿಬಿಡುತ್ತೇನೆ. ತಂದ ಹಾಲನ್ನು ಬಚ್ಚಲಿಗೆ ಚೆಲ್ಲಿ, ಅಂಗಡಿಯಿಂದ ಪ್ಯಾಕೆಟ್ ಹಾಲು ತರಿಸಿ ನನ್ನ ಮಗಳಿಗೆ ಕೊಟ್ಟೆ. ಕೆಂಪಿಯ ಹಾಲು ವಠಾರದ ಇನ್ನೂ ಮೂರು ಮನೆಗೆ ಹೋಗುತ್ತಿತ್ತು. ಆ ಮನೆಗಳಲ್ಲೂ ಮಕ್ಕಳಿದ್ದವು. ಅವರಿಗೆ ಹೇಳಿದರೆ ಯಾಕೆ ಅಂತ ಕೇಳುತ್ತಾರಲ್ಲ. ನಾನು ಹೇಳಲಿಲ್ಲ. ಮಧ್ಯಾಹ್ನ ಅದೇ ಮಕ್ಕಳು ಪಾಠಕ್ಕೆ ಬಂದಾಗ ಒಬ್ಬೊಬ್ಬರ ನಾಲಿಗೆ ಹೊರಗೆ ಹಾಕಿಸಿ ನೋಡಿದೆ. ಒಬ್ಬಳ ನಾಲಿಗೆ ನೀಲಿಯಾಗಿತ್ತು. ವಿಚಾರಿಸಿದರೆ ಅವಳು ಪೆನ್ನು ಚೀಪಿದ್ದಳು.

ಹಸುವಿಗೆ ಏನಾಯಿತು ಎಂಬುದಕ್ಕೆ ಮುನಿಯಮ್ಮನವರು ಮೊದಲು ದೃಷ್ಟಿ ಅಂದರು. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಬೆಂಕಿಗೆ ಹಾಕಿದರು. ಘಾಟು ಬರಲಿಲ್ಲವಂತೆ, ದೃಷ್ಟಿ ದೊಡ್ಡದೇ ಇದೆ ಅಂದರು. ಸಂಜೆಯ ಹೊತ್ತಿಗೆ ಆ ದೃಷ್ಟಿಗೊಂದು ಹೆಸರು ಸಿಕ್ಕಿತು. ಬಸಪ್ಪ.

ಬಸಪ್ಪ ವಠಾರದ ಕೊನೆಯ ರೂಮಿನವನು. ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುತ್ತಿದ್ದ. ಹೆಂಡತಿ ಯಲ್ಲವ್ವ ಆರು ತಿಂಗಳ ಬಸುರಿ. ಕೆಲಸಕ್ಕೆ ಹೊರಡುವ ಮುಂಚೆ ಅವನು ಒಂದು ತುಂಡು ಜೋಳದ ರೊಟ್ಟಿಯನ್ನು ಕೆಂಪಿಗೆ ತಿನ್ನಿಸಿ, ಅದರ ಕತ್ತಿನಡಿಯ ಗಂಗೆದೊಗಲು ಸವರಿ ಹೋಗುವುದನ್ನು ನಾವೆಲ್ಲ ನೋಡಿದ್ದೆವು. ಅದು ಅವನ ಬುತ್ತಿಯೊಳಗಿನದೇ ತುಂಡು.

"ಅವ್ನು ಏನ್ ಆಕ್ದ್ನೋ ಏನೋ, ಅಳ್ಸಿದ್ದೋ ಪಳ್ಸಿದ್ದೋ," ಎಂದು ಮುನಿಯಮ್ಮನವರು ಅಂಗಳದಲ್ಲಿ ನಿಂತು ಕೂಗಿದರು. "ನಾಳಿದ್ದಿಗೆ ರೂಮ್ ಕಾಲಿ ಮಾಡು. ನನ್ ಅಸು ಎದ್ರೂ ಸೈ, ಬಿದ್ರೂ ಸೈ, ನೀನು ಮಾತ್ರ ನನ್ನ ಕಣ್ಮುಂದೆ ಇರ್ಬೇಡ."

ಬಸಪ್ಪ ಕೈಕಟ್ಟಿ ನಿಂತಿದ್ದ. "ಬರೇ ರೊಟ್ಟಿ ಹಾಕೀನ್ರಿ ಅಮ್ಮಾರ. ನಾವು ಉಣ್ಣೂ ರೊಟ್ಟೀನ. ಕೆಟ್ಟಿದ್ದು ಹಾಕಿಲ್ರಿ." ಆಮೇಲೆ ನನ್ನ ಕಡೆ ತಿರುಗಿದ. "ಟೀಚರ್ ಅಕ್ಕಾರ, ನೀವರ ಹೇಳ್ರಿ. ದಿನಾ ನೋಡ್ತೀರಿ ನೀವು."

ನಾನು ಹೇಳಬೇಕಾದದ್ದು ನನ್ನ ಗಂಟಲವರೆಗೆ ಬಂತು. ಅದು ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ನೋಡೋಣ ಬಸಪ್ಪ, ಡಾಕ್ಟ್ರು ಬರ್ಲಿ" ಅಂದೆ. ಅಷ್ಟೇ ನನ್ನ ಬಾಯಿಂದ ಹೊರಟದ್ದು. ಅವನು ಅದಕ್ಕೂ ಕೈಮುಗಿದ.

ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಒಂದು ಮಾತು ಆಡಿದರೆ ಆ ಬಸುರಿ ಹೆಂಗಸು ರೂಮು ಬಿಡಬೇಕಿಲ್ಲ. ಆಡದಿದ್ದರೆ ನನಗೆ ಏನೂ ಆಗುವುದಿಲ್ಲ. ಆಡಿದರೆ ಟೀಚರಮ್ಮ ಎಂಬ ಬಿರುದು ಹೋಗುತ್ತದೆ, ಬಹುಶಃ ಮನೆಯೂ ಹೋಗುತ್ತದೆ, ಮುನಿಯಮ್ಮನವರ ಮುಖ ನೋಡುವ ಧೈರ್ಯವಂತೂ ಹೋಗೇಹೋಗುತ್ತದೆ. ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕು ಎಂದು ಕಾಪಿ ಬರೆಸುತ್ತಿದ್ದವಳು ನಾನು.

ಮಾತಾಡುವ ಬದಲು ಮಾರನೆಯ ಬೆಳಿಗ್ಗೆ ನಾನೇನು ಮಾಡಿದೆ ಗೊತ್ತೇ? ಬಕೆಟ್ಟಿನಲ್ಲಿ ನೀರು, ಕೈಯಲ್ಲಿ ದೋಸೆ ಮೊಗಚುವ ಕೈ ಹಿಡಿದುಕೊಂಡು ನನ್ನ ಪೋಸ್ಟರ್‌ಗಳನ್ನು ನಾನೇ ಕೀಳಲು ಹೊರಟೆ. ಉಳಿದವಾದರೂ ಯಾವ ಹಸುವಿನ ಬಾಯಿಗೂ ಬೀಳದಿರಲಿ ಅಂತ. ಅಂಟಿಸುವುದು ಎಷ್ಟು ಸುಲಭ, ಕೀಳುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ನನ್ನದನ್ನು ಕೆರೆದರೆ ಅದರಡಿ ಇನ್ನೊಂದು, ಅದರಡಿ ಮತ್ತೊಂದು. ಮೇಷ್ಟರ ಟ್ಯೂಷನ್ನು, ಟರ್ನರು, ಫಿಟ್ಟರು, ಹೋದ ಚುನಾವಣೆಯಲ್ಲಿ ಸೋತವರು, ಅದರ ಹಿಂದಿನದರಲ್ಲಿ ಗೆದ್ದವರು, ಎಲ್ಲ ಒಟ್ಟಿಗೆ ದಪ್ಪ ರೊಟ್ಟಿಯ ಹಾಗೆ ಸುಲಿದು ಬರುತ್ತಿದ್ದರು. ಕೆಲವು ಪದರಗಳ ನಡುವೆ ನೀಲಿ ಕಾಣುತ್ತಿತ್ತು. ಅಂದರೆ ಮೈಲುತುತ್ತದ ಜಾಣತನ ನನ್ನೊಬ್ಬಳದೇ ಅಲ್ಲ. ಕಿತ್ತದ್ದು ಚರಂಡಿಗೆ ಬಿದ್ದು ಮುದ್ದೆಯಾಗಿ ನೀರಿಗೆ ಅಡ್ಡ ಕೂತಿತು. ಆ ಚರಂಡಿ ಹೋಗಿ ಸೇರುವುದು ಕೆರೆಗೆ. ಕೆರೆಯ ಅಂಚಿನಲ್ಲಿ ಇನ್ನೂ ನಾಲ್ಕು ಹಸು ನೀರು ಕುಡಿಯುತ್ತವೆ. ನಾನು ಸೀರೆ ಎತ್ತಿಕಟ್ಟಿ, ಚರಂಡಿಗೆ ಕೈಹಾಕಿ ಕಾಗದದ ಮುದ್ದೆ ಎತ್ತತೊಡಗಿದೆ. ಫ್ಯಾಕ್ಟರಿಗೆ ಹೋಗುವ ಗಂಡಸರು ಸೈಕಲ್ ನಿಲ್ಲಿಸಿ ನೋಡಿದರು. ಒಬ್ಬ, "ಏನಕ್ಕ, ಟ್ಯೂಷನ್ ಕ್ಯಾನ್ಸಲ್ಲಾ?" ಅಂದ.

ಆಗ ಮೇನ್ ರೋಡಿನ ಮೇಷ್ಟರು ಬಂದರು. ನಾನು ನೀಚ ಎಂದು ಬೈದಿದ್ದ ಆ ಮನುಷ್ಯ ಬಕೆಟ್ಟಿಗೆ ಇನ್ನಷ್ಟು ನೀರು ತಂದುಕೊಟ್ಟು, "ಮೇಡಂ, ನಿಮ್ಮ ಪೋಸ್ಟರನ್ನ ಯಾರೋ ಬೆಳಗಿನ ಜಾವ ಕಿತ್ಕೊಂಡು ಹೋಗ್ತಿದ್ದಾರೆ. ಮಬ್ಬುಗತ್ತಲಲ್ಲಿ ಯಾರು ಅಂತ ಗೊತ್ತಾಗ್ಲಿಲ್ಲ. ನಾನೇ ಅಂತ ನೀವು ತಿಳ್ಕೊಂಡಿದ್ದೀರೇನೋ ಅಂತ ನಂಗೆ ಒಂದೇ ಕಳವಳ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದಾಗಿತ್ತು. ಹಾಗಾದರೆ ಕೀಳುತ್ತಿದ್ದವರು ಯಾರು ಎಂದು ಕೇಳುವಷ್ಟು ತಾಳ್ಮೆ ಆಗ ನನ್ನಲ್ಲಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೆಂಪಿ ಮಲಗಿಬಿಟ್ಟಿತ್ತು. ಹತ್ತು ಗಂಟೆಗೆ ಪಶುವೈದ್ಯರು ಸ್ಕೂಟರಿನಲ್ಲಿ ಬಂದರು. ಅಂಗಳದ ಇನ್ನೊಂದು ತುದಿಯಲ್ಲಿ ಬಸಪ್ಪನ ಸಾಮಾನು ಹೊರಗೆ ಬಂದಿತ್ತು. ಒಂದು ಟ್ರಂಕು, ಒಂದು ಚಾಪೆ, ರೊಟ್ಟಿ ಬಡಿಯುವ ಕಲ್ಲು. ಯಲ್ಲವ್ವ ಟ್ರಂಕಿನ ಮೇಲೆ ಕೂತು ತನ್ನ ಕಾಲ್ಬೆರಳನ್ನೇ ನೋಡುತ್ತಿದ್ದಳು.

ಡಾಕ್ಟರು ಹಸುವಿನ ಎಡ ಹೊಟ್ಟೆಗೆ ಮುಷ್ಟಿ ಒತ್ತಿ, ಕಿವಿಯಿಟ್ಟು ಕೇಳಿದರು. "ಹೊಟ್ಟೆ ನಿಂತೇ ಹೋಗಿದೆ. ಒಳಗೆ ಪ್ಲಾಸ್ಟಿಕ್ ಗಂಟೂ ಇದ್ದ ಹಾಗಿದೆ, ಅದು ಹಳೇದು. ಆದ್ರೆ ಈ ಬೇದಿ, ಈ ಜೊಲ್ಲು ಬೇರೆ ಏನೋ ಹೇಳ್ತಿದೆ. ಏನ್ ತಿಂದಿದೆ ಇದು? ಸರಿಯಾಗಿ ಹೇಳಿದ್ರೆ ಸರಿಯಾದ ಔಷಧಿ ಕೊಡ್ಬಹುದು. ಇಲ್ದಿದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ."

"ಅವ್ನೇ ಏನೋ ಆಕವ್ನೆ ಸಾರ್," ಎಂದು ಮುನಿಯಮ್ಮನವರು ಬಸಪ್ಪನ ಕಡೆ ಕೈ ಮಾಡಿದರು. ಈ ಸಲ ದನಿಯಲ್ಲಿ ಜೋರಿರಲಿಲ್ಲ. ಬಸಪ್ಪ ಟ್ರಂಕಿಗೆ ಹಗ್ಗ ಬಿಗಿಯಲು ಬಗ್ಗಿದ.

ಆ ಹಗ್ಗದ ಗಂಟು ಬೀಳುವುದನ್ನು ನೋಡಿದೆ ನಾನು. "ಡಾಕ್ಟ್ರೇ, ಮೈಲುತುತ್ತ" ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಮಾತು ಶುರುವಾದಮೇಲೆ ನಿಲ್ಲಲಿಲ್ಲ. ಪೋಸ್ಟರು, ಮೈದಾ, ಒಂದು ಹಿಡಿ, ಆಮೇಲೆ ಒಂದೂವರೆ ಹಿಡಿ, ಗೋದಲಿಯ ಕೆಳಗೆ ತಳ್ಳಿದ ಹಳದಿ ಚೂರು, ಬಚ್ಚಲಿಗೆ ಚೆಲ್ಲಿದ ಹಾಲು, ಎಲ್ಲ ಹೇಳಿದೆ. ಬಸಪ್ಪನದೇನೂ ತಪ್ಪಿಲ್ಲ, ಮೂರು ದಿನದಿಂದ ನನಗೆ ಗೊತ್ತಿತ್ತು ಅಂದೆ. ಹಾಲು ತರಿಸುತ್ತಿದ್ದ ಮನೆಯ ತಾಯಂದಿರೂ ಅಲ್ಲಿದ್ದರು. ಒಬ್ಬಳು ಮಗುವನ್ನು ತನ್ನ ಸೊಂಟಕ್ಕೆ ಎಳೆದುಕೊಂಡು ನನ್ನನ್ನು ನೋಡಿದಳು. ಆ ನೋಟ ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಡಾಕ್ಟರು ಬ್ಯಾಗ್ ತೆರೆಯುತ್ತ ಕೇಳಿದರು: "ಎಷ್ಟು ಎತ್ತರಕ್ಕೆ ಅಂಟಿಸಿದ್ರಿ?"

"ಸ್ಟೂಲ್ ಹಾಕ್ಕೊಂಡು. ಹಸುಗೆ ಎಟುಕ್ದಷ್ಟು."

"ಹಾಗಾದ್ರೆ ಉದುರಿದ್ದು ಒಂದೆರಡು ಸಿಕ್ಕಿರ್ಬಹುದು. ಒಂದೆರಡು ಪೋಸ್ಟರಿಗೆ ಇಷ್ಟು ದೊಡ್ಡ ಹಸು ಹೀಗೆ ಬೀಳಲ್ಲಮ್ಮ. ನಿಮ್ಮದಲ್ಲ ಇದು, ಸುಮ್ನೆ ತಲೆಗೆ ಹಚ್ಕೋಬೇಡಿ."

ಮೂರು ದಿನದ ಮೇಲೆ ಮೊದಲ ಸಲ ನನಗೆ ಉಸಿರು ಪೂರ್ತಿ ಬಂತು. ನಿಜವಾಗಿಯೂ ನನಗೆ ಸಂತೋಷವಾಯಿತು, ಆ ಹಸು ಕಣ್ಣೆದುರಿಗೆ ಬಿದ್ದಿರುವಾಗ. ಆಗ ಮುನಿಯಮ್ಮನವರು ಕೂತಲ್ಲಿಂದಲೇ ಮಾತಾಡಿದರು.

"ಒಂದೆರಡಲ್ಲ ಸಾರ್. ಅದು ಗೋಡೆಯಿಂದ ತಿಂದಿದ್ದೂ ಅಲ್ಲ. ನಾನೇ ಕೋಲಲ್ಲಿ ಬಿಡಿಸಿ ತಂದು ಆಕ್ತಿದ್ದೆ. ಬೆಳಿಗ್ಗೆ ಬೆಳಿಗ್ಗೆ, ದಿನಾ ಏಳೆಂಟು. ನೆನೆಸಿ, ಬೂಸದ ಜೊತೆ ಕಲಸಿ."

ಡಾಕ್ಟರು ತೆಗೆದಿದ್ದ ಸೂಜಿಯನ್ನು ಬ್ಯಾಗಿಗೆ ವಾಪಸ್ ಹಾಕಿದರು.

"ಬೇರೆಯೋರ್ದು ಮುಟ್ತಿರ್ಲಿಲ್ಲ ನಾನು. ಅವ್ರು ಗೋಂದಿಗೆ ಏನೇನ್ ಆಕ್ತಾರೋ ಯಾರ್ ಕಂಡೋರು. ಟೀಚರಮ್ಮಂದಾದ್ರೆ ಮನೇಲಿ ಕಾಯ್ಸಿದ್ದು, ಮೈದಾ ಗಂಜಿ." ಅವರು ನನ್ನ ಮುಖ ನೋಡಿದರು. ಕೋಪದಿಂದ ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀವೇ ಅಂದ್ರಲ್ಲ ಟೀಚರಮ್ಮ, ಗಂಜಿ ಅಂತ."

ಡಾಕ್ಟರು ಬೇರೆ ಸೂಜಿ ತೆಗೆದರು. ಗಂಟಲಿಗೆ ನಳಿಗೆ ಇಳಿಸಿ ಔಷಧಿ ಹಾಕಿದರು, ಕತ್ತಿನ ನರಕ್ಕೆ ಬಾಟಲಿ ಕಟ್ಟಿದರು. ಬಾಟಲಿ ಎತ್ತಿ ಹಿಡಿಯಲು ಎತ್ತರದವರು ಬೇಕಿತ್ತು. ಬಸಪ್ಪ ಹಗ್ಗ ಬಿಟ್ಟು ಬಂದು ಹಿಡಿದು ನಿಂತ. ಮಧ್ಯಾಹ್ನದವರೆಗೆ ಕೈ ಬದಲಾಯಿಸುತ್ತ ನಿಂತೇ ಇದ್ದ. ಮುನಿಯಮ್ಮನವರು ಅವನಿಗೆ ತಪ್ಪಾಯಿತು ಅನ್ನಲಿಲ್ಲ. ಎದ್ದು ಹೋಗಿ, ಯಲ್ಲವ್ವನನ್ನು ಏಳಿಸಿ, ಟ್ರಂಕನ್ನು ತಾವೇ ಸೊಂಟಕ್ಕೆ ಆನಿಸಿ ರೂಮಿನೊಳಗೆ ಇಟ್ಟು ಬಂದರು. ಆಮೇಲೆ ಚಾಪೆ, ಆಮೇಲೆ ರೊಟ್ಟಿ ಕಲ್ಲು. ಅವರಿಗೂ ಮೂರು ದಿನದಿಂದ ಒಳಗೊಳಗೇ ಅಳುಕಿತ್ತು ಎಂದು ನನಗೆ ಆಗ ಹೊಳೆಯಿತು. ಪೇಪರ್ ಹಾಕಿ ಹಸುವನ್ನು ಕೊಂದಳು ಎಂದು ಊರು ಅಂದರೆ ಎಂಬ ಭಯಕ್ಕೆ ಅವರು ಬಸಪ್ಪನನ್ನು ಹಿಡಿದುಕೊಂಡಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟೇ ನಮ್ಮಿಬ್ಬರ ವ್ಯತ್ಯಾಸ.

ಕೆಂಪಿ ಭಾನುವಾರ ಎದ್ದಿತು. ಎದ್ದು ಮೊದಲ ಸಲ ದವಡೆ ಆಡಿಸಿದಾಗ ಮುನಿಯಮ್ಮನವರು ಅಳುತ್ತ ಅದರ ಬೆನ್ನಿಗೆ ಎರಡು ಬಾರಿಸಿದರು. ಹಾಲು ಮಾತ್ರ ಮೊದಲಿನಷ್ಟಕ್ಕೆ ಮತ್ತೆ ಬರಲಿಲ್ಲ. ವಠಾರದ ಮಕ್ಕಳಿಗೆ ಏನೂ ಆಗಲಿಲ್ಲ, ಆದರೆ ಅವರಲ್ಲಿ ಇಬ್ಬರು ನನ್ನಲ್ಲಿ ಪಾಠಕ್ಕೆ ಬರುವುದನ್ನು ನಿಲ್ಲಿಸಿದರು. ನಾನು ಮನೆ ಬಿಡುತ್ತೇನೆ ಅಂದದ್ದಕ್ಕೆ ಮುನಿಯಮ್ಮನವರು, "ಓಗಿ ಇನ್ಯಾರ ಅಸುಗೆ ಗಂಜಿ ಕಾಯಿಸ್ತೀರಿ? ಇಲ್ಲೇ ಬಿದ್ದಿರಿ" ಅಂದರು. ಇನ್ನೂ ಮೂರು ವರ್ಷ ಅಲ್ಲೇ ಇದ್ದೆವು.

ಈಗ ಆ ಕಾಂಪೌಂಡುಗಳ ಮೇಲೆ ಕಾಗದ ಕಡಿಮೆ, ಫ್ಲೆಕ್ಸ್ ಜಾಸ್ತಿ. ಅದಕ್ಕೆ ಗೋಂದೂ ಬೇಡ, ಮೈಲುತುತ್ತವೂ ಬೇಡ. ಹಸುಗಳು ಅದರ ಅಂಚನ್ನೂ ಜಗ್ಗಿ ನೋಡುತ್ತವೆ. ನನ್ನ ಉಗುರಿಗೆ ಅದರಲ್ಲಿ ಪರೀಕ್ಷಿಸಲು ಏನೂ ಸಿಗುವುದಿಲ್ಲ, ಆ ದಿಗಿಲು ಬೇರೆ.

ಕಾಡುಗೋಡಿಯ ಆ ಹುಡುಗಿಗೆ ಇದನ್ನೆಲ್ಲ ಹೇಳಿದ್ದರೂ ಒಂದನ್ನು ಮಾತ್ರ ಹೇಳುತ್ತಿರಲಿಲ್ಲವೇನೋ. ಬಸಪ್ಪ ಆ ರೂಮಿನಲ್ಲೇ ಉಳಿದ, ಅವನಿಗೆ ಮಗಳು ಹುಟ್ಟಿದಳು, ಎಲ್ಲ ಸರಿಹೋಯಿತು. ಆದರೆ ಅವನು ಮತ್ತೆ ಕೆಂಪಿಗೆ ರೊಟ್ಟಿ ಹಾಕಲಿಲ್ಲ. ಹಸುವಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ದಿನಾ ಬೆಳಿಗ್ಗೆ ಅವನು ಬುತ್ತಿ ಹಿಡಿದು ಹೊರಡುವ ಹೊತ್ತಿಗೆ ಕತ್ತು ಚಾಚಿ ಕಾಯುತ್ತಿತ್ತು. ಅವನು ಬುತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅದರ ಮುಂದೆ ಎರಡೂ ಕೈ ಬಿಚ್ಚಿ ತೋರಿಸುತ್ತಿದ್ದ. "ಏನಿಲ್ಲವ್ವ, ನೋಡು, ಖಾಲಿ ಅದಾವ" ಅನ್ನುತ್ತಿದ್ದ. ಅನ್ನುವಾಗ ಒಂದು ಸಲ ಮುನಿಯಮ್ಮನವರ ಬಾಗಿಲ ಕಡೆ ನೋಡುತ್ತಿದ್ದ, ಒಂದು ಸಲ ನನ್ನ ಬಾಗಿಲ ಕಡೆ.